ಮೊಸರನ್ನದ ಬೆಕ್ಕು

"ನಮ್ ಪುಟ್ಟಿ ಮೊಸರನ್ನ ಬಿಟ್ರೆ ಇನ್ನೇನೂ ಮುಟ್ಟಲ್ಲ ಕಣ್ರೀ." ಮೈಸೂರಿನ ಅಗ್ರಹಾರದಿಂದ ಒಂಟಿಕೊಪ್ಪಲಿನವರೆಗೆ ಯಾವ ಬೀದಿಯಲ್ಲಾದರೂ ಕಿವಿಗೆ ಬೀಳಬಹುದಾದ ಮಾತಿದು. ಹೇಳುವವರ ದನಿಯಲ್ಲಿ, ಮಗ ಒಂದು ದಿನವೂ ಸಂಧ್ಯಾವಂದನೆ ತಪ್ಪಿಸಿದವನಲ್ಲ ಎನ್ನುವಾಗಿನ ಹೆಮ್ಮೆ. ಅದೇ ಹೊತ್ತಿಗೆ ಪುಟ್ಟಿ ಹಿತ್ತಲಿನ ದಾಸವಾಳದ ಬುಡದಲ್ಲಿ ಹೊಟ್ಟೆಯನ್ನು ನೆಲಕ್ಕೊತ್ತಿ, ಬಾಲದ ತುದಿಯೊಂದನ್ನೇ ಅಲ್ಲಾಡಿಸುತ್ತ ಕೂತಿರುತ್ತದೆ. ಮಾರ್ಜಾಲ ಸನ್ಯಾಸಿ ಎಂದು ನಗುತ್ತೇವೆ. ಸನ್ಯಾಸ ಕೊಟ್ಟವರು ನಾವು, ಬೆಕ್ಕು ಕೇಳಿರಲಿಲ್ಲ.

ಬೆಕ್ಕಿನ ಮೈಗೆ ಟಾರಿನ್ ಎಂಬ ಪದಾರ್ಥ ಬೇಕು. ನಮ್ಮ ಮೈ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಮೈಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲು ಬರುವುದಿಲ್ಲ. ಅದು ಸಿಗುವುದು ಮಾಂಸ, ಮೀನಿನಲ್ಲಿ. ಅಕ್ಕಿಯಲ್ಲಿಲ್ಲ, ಮೊಸರಿನಲ್ಲಿ ಇದ್ದೂ ಇಲ್ಲದಷ್ಟು. ಕೊರತೆ ಬಹುಕಾಲ ಮುಂದುವರಿದರೆ ಕಣ್ಣು ಮಂಕಾಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಬಟ್ಟಲು ಹಾಲು ಇಟ್ಟರೆ ಪುಣ್ಯ ಬಂತು ಅಂದುಕೊಂಡವರಿಗೆ ಇನ್ನೊಂದು ಮಾತು: ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಬೇಧಿಯಾಗುತ್ತದೆ. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಸುಡುವ ಹಾಲು ಕುಡಿಸಿ ಹೆದರಿಸಿದ ಕತೆಯಲ್ಲಿ, ತಿಳಿಯದೆಯೇ ಆತ ಬೆಕ್ಕಿನ ಹೊಟ್ಟೆಗೆ ಉಪಕಾರ ಮಾಡಿದ.

ಬೇಟೆ ಬರೀ ಹಸಿವಿನದಲ್ಲ, ಹೊಟ್ಟೆ ತುಂಬಿದ ಬೆಕ್ಕೂ ಹೊಂಚು ಹಾಕುತ್ತದೆ. ಹಾಗಿದ್ದರೂ ತಟ್ಟೆಯಲ್ಲಿ ಏನಿದೆ ಎನ್ನುವುದು ಲೆಕ್ಕಕ್ಕೆ ಬಾರದ ಸಂಗತಿಯಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧಾನ್ಯವಿಲ್ಲದ, ಮಾಂಸ ಹೆಚ್ಚಿದ್ದ ಆಹಾರ ತಿಂದ ಬೆಕ್ಕುಗಳು ಮನೆಗೆ ತಂದ ಬೇಟೆ ಶೇ. 36ರಷ್ಟು ಇಳಿಯಿತು. ದಿನಕ್ಕೆ ಐದು-ಹತ್ತು ನಿಮಿಷ ಆಟವಾಡಿಸಿದಾಗ ಶೇ. 25ರಷ್ಟು. ಕೊರಳಿಗೆ ಕಟ್ಟಿದ ಗಂಟೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿ ತಲೆ ಕೆಡಿಸಿಕೊಂಡಿದ್ದೆಲ್ಲ ವ್ಯರ್ಥ. ಕಟ್ಟುವುದಿದ್ದರೂ ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯನ್ನೇ ಕಟ್ಟಬೇಕು. ಗಟ್ಟಿ ಬಕಲಿನದು ಸೀಬೆಮರದ ಕವಲಿಗೆ ಸಿಕ್ಕಿಕೊಂಡರೆ ಬೆಕ್ಕಿಗೇ ಉರುಳು.

"ನಮ್ಮನೇದು ಏನನ್ನೂ ಹಿಡಿದು ತರಲ್ಲ" ಎನ್ನುವವರ ಮಾತು ಸುಳ್ಳಲ್ಲ, ತರುವುದಿಲ್ಲ ಅಷ್ಟೆ. ಅಮೆರಿಕದ ಜಾರ್ಜಿಯಾದಲ್ಲಿ 55 ಸಾಕುಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದರು. ಹಿಡಿದದ್ದರಲ್ಲಿ ಮನೆಗೆ ಬಂದದ್ದು ಶೇ. 23 ಮಾತ್ರ. ಅರ್ಧದಷ್ಟನ್ನು ಅಲ್ಲೇ ಬಿಟ್ಟು ಬಂದಿದ್ದವು, ಉಳಿದದ್ದು ಹೊಟ್ಟೆಗೆ. ಹೆಚ್ಚು ಸಿಕ್ಕಿಬಿದ್ದದ್ದು ಹಕ್ಕಿಯೂ ಅಲ್ಲ, ಹಲ್ಲಿ ಜಾತಿಯವು. ನಮ್ಮ ಹಿತ್ತಲಿನಲ್ಲಿ ಆ ಪಾಳಿ ಓತಿಕ್ಯಾತ, ಹಾವುರಾಣಿಗಳದ್ದು. ಅವು ಸತ್ತರೆ ಅಳುವವರು ಯಾರೂ ಇಲ್ಲ. ಹಾವುರಾಣಿಯನ್ನಂತೂ ಬೆಕ್ಕು ಕೊಂದರೆ ಒಳ್ಳೆಯದೇ ಆಯಿತು ಎನ್ನುವವರೇ ಹೆಚ್ಚು, ಪಾಪ, ಅದಕ್ಕೆ ವಿಷವೇ ಇಲ್ಲ.

ಹಕ್ಕಿಗಳಲ್ಲಿ ಮೊದಲು ಸಿಗುವುದು ಕೆಳಗೆ ಗೂಡು ಕಟ್ಟುವವು. ದರ್ಜಿ ಹಕ್ಕಿ ಎಲೆ ಹೊಲಿದು ಗೂಡು ಮಾಡುವುದು ಸೊಂಟದೆತ್ತರದ ಗಿಡದಲ್ಲಿ. ಪಿಕಳಾರ, ಅಂದರೆ ಬುಲ್‌ಬುಲ್, ಕೈಗೆಟಕುವ ಎತ್ತರದ ನಂದಿಬಟ್ಟಲಿನಲ್ಲೋ ಪೋರ್ಟಿಕೋದ ಬಳ್ಳಿಯಲ್ಲೋ ಬಟ್ಟಲು ಹೆಣೆಯುತ್ತದೆ. ಅದರ ಮರಿ ಎರಡು ವಾರಕ್ಕೆಲ್ಲ ಗೂಡು ಬಿಡುತ್ತದೆ, ಆದರೆ ಹಾರಲು ಬಂದಿರುವುದಿಲ್ಲ. ಒಂದೆರಡು ದಿನ ನೆಲದ ಮೇಲೆ ಕುಪ್ಪಳಿಸುತ್ತ, ಕುಂಡದ ಮರೆಯಲ್ಲಿ ಕೂತು ತಾಯಿಯನ್ನು ಕೂಗುತ್ತದೆ. ಆ ಕೂಗು ತಾಯಿಗೂ ಕೇಳುತ್ತದೆ, ಪುಟ್ಟಿಗೂ ಕೇಳುತ್ತದೆ. ಬಾಯಿಂದ ಬಿಡಿಸಿಕೊಂಡರೂ ಮರಿ ಬದುಕುವುದು ಅಪರೂಪ, ಬೆಕ್ಕಿನ ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಸೂಜಿಮೊನೆಯಷ್ಟು ಗಾಯದಿಂದಲೂ ರಕ್ತಕ್ಕೆ ಇಳಿಯುತ್ತದೆ. ಅರಿಶಿನ ಹಚ್ಚಿ ರಟ್ಟಿನ ಡಬ್ಬಿಯಲ್ಲಿಟ್ಟರೆ ಪ್ರಯೋಜನವಿಲ್ಲ. ಅದೇ ದಿನ ಪಶುವೈದ್ಯರಿಂದ ಆಂಟಿಬಯಾಟಿಕ್ ಕೊಡಿಸಬೇಕು. (ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಹೆಜ್ಜಾರ್ಲೆಗೆ ಈ ಚಿಂತೆಯಿಲ್ಲ, ಆ ಕೊಕ್ಕು ಕಂಡರೆ ಬೆಕ್ಕೇ ದಾರಿ ಬಿಡುತ್ತದೆ.)

ಇನ್ನು ಇಲಿಯ ಮಾತು. ಮಂಡ್ಯದ ಕಡೆ ಭತ್ತದ ಮೂಟೆ, ಬಣವೆ ಇರುವ ಮನೆಯವರಿಗೆ ಬೆಕ್ಕನ್ನು ಕೂಡಿಹಾಕಿ ಎಂದರೆ ನಗುತ್ತಾರೆ. ಸುಂಡಿಲಿಯ ಮಟ್ಟಿಗೆ ಅವರ ನಗು ಸರಿ. ಹೆಗ್ಗಣ ಬಂದರೆ ಬೆಕ್ಕು ಬೇರೆ ಕಡೆ ನೋಡುತ್ತದೆ. ನ್ಯೂಯಾರ್ಕಿನ ಒಂದು ಕಸದ ಘಟಕದಲ್ಲಿ 79 ದಿನ ಕ್ಯಾಮೆರಾ ಇಟ್ಟು ಕಾದರೆ ಬೆಕ್ಕುಗಳು ಕೊಂದ ದೊಡ್ಡ ಇಲಿ ಎರಡೇ ಎರಡು. ಹೆಗ್ಗಣಕ್ಕೆ ಬೋನೇ ಗತಿ. ಪಾಷಾಣ ಇಟ್ಟರೆ, ಅದನ್ನು ತಿಂದು ತೂರಾಡುವ ಇಲಿಯನ್ನು ಮೊದಲು ಹಿಡಿಯುವುದು ನಿಮ್ಮ ಬೆಕ್ಕೇ.

ಹೀಗಾಗಿ ಪೇಟೆಯ ಮನೆಯಲ್ಲಿ ಬೆಕ್ಕು ಒಳಗಿದ್ದರೆ ಹಕ್ಕಿಗೂ ಸರಿ, ಬೆಕ್ಕಿಗೂ ಸರಿ. ಬೀದಿನಾಯಿ, ಸ್ಕೂಟರ್, ಪಾಷಾಣ ಮೂರರಿಂದಲೂ ಬಚಾವು. ಕೂಡಿಹಾಕುವುದು ಕ್ರೌರ್ಯವಲ್ಲವೇ? ಬರೀ ಕೂಡಿಹಾಕಿದರೆ ಹೌದು. ಒಳಗೆ ಅದಕ್ಕೆ ಕೆಲಸ ಕೊಡಬೇಕು. ಕೋಲಿಗೆ ದಾರ ಕಟ್ಟಿ, ತುದಿಗೆ ಬಟ್ಟೆಯ ಚೂರು ಕಟ್ಟಿ, ಬೆಳಗೂ ಸಂಜೆಯೂ ಹತ್ತು ನಿಮಿಷ ಎಳೆದಾಡಿಸಬೇಕು. ಆಗಾಗ ಹಿಡಿಯಲು ಬಿಡಬೇಕು, ಬರೀ ಸತಾಯಿಸಿದರೆ ಸಿಟ್ಟು ನಿಮ್ಮ ಹಿಮ್ಮಡಿಯ ಮೇಲೆ ತೀರುತ್ತದೆ. ಆಟ ಮುಗಿದ ಕೂಡಲೇ ಊಟ. ಮಲಮೂತ್ರಕ್ಕೆ ಅಗಲವಾದ ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಎರಡು ಇಂಚು ಮರಳು. ಬೆಕ್ಕೆಷ್ಟೋ ಅದಕ್ಕಿಂತ ಒಂದು ಬೇಸಿನ್ ಹೆಚ್ಚು, ದಿನಕ್ಕೆರಡು ಸಲ ಬಳಿಯಬೇಕು. ಬಳಿಯದಿದ್ದರೆ ಹಾಸಿಗೆಯ ಮೇಲೆ ತಕರಾರು ದಾಖಲಾಗುತ್ತದೆ.

ಊಟಕ್ಕೆ ಬೆಕ್ಕಿನದೇ ಪ್ಯಾಕೆಟ್ ಆಹಾರವಾದರೆ ಮಡಿಯ ಮನೆಗೂ ತೊಂದರೆಯಿಲ್ಲ, ಹಿಂಬದಿಯ ಸಣ್ಣಕ್ಷರ ಓದದಿದ್ದರೆ ಆಯಿತು. ನಾಲ್ಕು ಕಿಲೋ ಬೆಕ್ಕಿಗೆ ಒಣ ಆಹಾರ ದಿನಕ್ಕೆ ಸುಮಾರು 50-60 ಗ್ರಾಂ. ಜೊತೆಗೆ ಕೋಳಿ ಬೇಯಿಸುವವರು ಬೆಂದ ನೀರನ್ನು ಚೆಲ್ಲಬಾರದು, ಟಾರಿನ್ ಅದರಲ್ಲೇ ಕರಗಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಆದ್ದರಿಂದ ಸಾರಿನ ತುಂಡು ಬೇಡ. ಐದಾರು ತಿಂಗಳಿಗೆ ಸಂತಾನಹರಣ ಮಾಡಿಸದಿದ್ದರೆ ಯಾವ ಜಾಲರಿಯೂ ತಡೆಯದು. ಹೊರಗೆ ಹೋಗಿ ಬಂದ ಒಂದು ರಾತ್ರಿಗೆ 65 ದಿನದಲ್ಲಿ ಲೆಕ್ಕ ಒಪ್ಪಿಸುತ್ತದೆ.

ಬಾಲ್ಕನಿಗೆ ಒಂದು ಇಂಚಿನ ಕಣ್ಣಿನ ಜಿಐ ವೆಲ್ಡೆಡ್ ಮೆಶ್, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿಯ ಬೆಸುಗೆ ಜಾಲರಿ, ಹಾಕಿಸಬೇಕು. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆ ಉಗುರಿಗೆ ನಿಲ್ಲುವುದಿಲ್ಲ. ಜಾಲರಿ ಮೊದಲು ಸಡಿಲವಾಗುವುದು ಕೆಳಗಿನ ಮೂಲೆಗಳಲ್ಲಿ, ತಲೆ ತೂರಿತೆಂದರೆ ಮೈಯೂ ತೂರಿತು. ಕೃಷ್ಣಮೂರ್ತಿಪುರದ ಹಳೆಯ ಹೆಂಚಿನ ಮನೆಗಳಲ್ಲಿ ಇದಾವುದೂ ನಡೆಯದು, ಗೋಡೆಗೂ ಸೂರಿಗೂ ನಡುವೆ ಬೆಕ್ಕಿಗೆಂದೇ ಬಿಟ್ಟ ಹಾಗೆ ಸಂದಿ ಇರುತ್ತದೆ. ಅಂಥಲ್ಲಿ ಯುಗಾದಿಯ ಆಸುಪಾಸಿನಿಂದ ಮುಂಗಾರಿನವರೆಗಾದರೂ, ಸಂಜೆ ಐದರಿಂದ ಬೆಳಗ್ಗೆ ಒಂಬತ್ತರವರೆಗೆ ತಾರಸಿಯಿರುವ ಒಂದು ಕೋಣೆಯಲ್ಲಿ ಇಟ್ಟುಕೊಳ್ಳಬಹುದು. ಬೆಕ್ಕು ಹೆಚ್ಚು ಬೇಟೆಯಾಡುವ ಮುಂಜಾವು, ಮುಸ್ಸಂಜೆ ಎರಡೂ ಅದರಲ್ಲಿ ಬಂದವು.

ಮೊದಲ ಎರಡು ಮೂರು ವಾರ ಬೆಳಗಿನ ಜಾವ ಐದಕ್ಕೆ ಬಾಗಿಲ ಮುಂದೆ ಕೂತು ಕೂಗುತ್ತದೆ. ಹತ್ತು ದಿನ ತಡೆದುಕೊಂಡು ಹನ್ನೊಂದನೆಯ ದಿನ ತೆಗೆದಿರೋ, ಹನ್ನೊಂದು ದಿನ ಕೂಗಬೇಕು ಎಂದು ಕಲಿಯುತ್ತದೆ. ತೆಗೆಯದವರ ಮನೆಯಲ್ಲೂ ನಂದಿನಿ ಹಾಲಿನವನು ಬೆಲ್ ಒತ್ತುತ್ತಾನೆ, ಬಾಗಿಲು ಒಂದು ಗೇಣು ತೆರೆಯುತ್ತದೆ, ಪುಟ್ಟಿ ಪಂಚೆಯ ನೆರಿಗೆ ಸವರಿಕೊಂಡು ಮಾಯ. ಅದಕ್ಕೇ ಬೆಳಗಿನ ತಟ್ಟೆಯನ್ನು ಹಾಲಿನವನು ಬರುವ ಎರಡು ನಿಮಿಷ ಮುಂಚೆ ಹಿಂದಿನ ಕೋಣೆಯಲ್ಲಿಟ್ಟು, ಆ ಕೋಣೆಯ ಚಿಲಕ ಹಾಕಿ, ಆಮೇಲೆ ಬಾಗಿಲ ಹತ್ತಿರ ಹೋಗಬೇಕು.