ಹಸಿ ಗೋಡೆಯ ಮೇಲಿನ ನೈಟ್‌ಗಳು

ವಿಕ್ಟೋರಿಯಾ ಕಾಲದ ಚಿತ್ರಕಾರರು ಕಂಡ ಮಧ್ಯಯುಗ ಅಂದ ಕೂಡಲೇ ಆಕ್ಸ್‌ಫರ್ಡ್ ಯೂನಿಯನ್ ಎಂಬ ವಿದ್ಯಾರ್ಥಿಗಳ ಚರ್ಚಾಸಂಘದ ಗೋಡೆಗಳ ಮಾತು ಬರುತ್ತದೆ. 1857ರ ಬೇಸಿಗೆ, ಚಿತ್ರಕಾರ ರೊಸೆಟ್ಟಿಯ ಮುಂದಾಳತ್ವ, ಮಾರಿಸ್, ಬರ್ನ್-ಜೋನ್ಸ್‌ರಂಥ ಹುಡುಗರು, ದಂತಕಥೆಯ ಆರ್ಥರ್ ರಾಜ ಮತ್ತು ಅವನ ಕುದುರೆ ವೀರರಾದ ನೈಟ್‌ಗಳ ಕಥೆಗಳು. ಕೂಲಿಯಿಲ್ಲ, ಬಣ್ಣ ಮತ್ತು ಊಟ-ವಸತಿಯ ಖರ್ಚು ಮಾತ್ರ. ಕೇಳಲು ಸೊಗಸಾಗಿದೆ. ಆದರೆ ಆ ಚಿತ್ರಗಳು ಮಾಸಿದ್ದಕ್ಕೆ ಕಾಲವನ್ನು ದೂರುವುದನ್ನು ನಾನು ಒಪ್ಪುವುದಿಲ್ಲ. ಗಿಲಾವು ಬಲ್ಲ ಮೇಸ್ತ್ರಿಯಾದರೆ ಮೊದಲ ದಿನವೇ ‘ಇದು ನಿಲ್ಲಲ್ಲ ಸ್ವಾಮಿ’ ಅಂದಿರುತ್ತಿದ್ದ.

ಕಟ್ಟಡ ಹೊಸದು, ಗಾರೆಯ ತೇವ ಇನ್ನೂ ಆರಿರಲಿಲ್ಲ. ಇಟ್ಟಿಗೆಯ ಮೇಲೆ ಗಿಲಾವೇ ಇಲ್ಲ, ತೆಳುವಾಗಿ ಸುಣ್ಣ ಬಳಿದು ಅದರ ಮೇಲೆ ನೀರುಬಣ್ಣವನ್ನು ಸಣ್ಣ ಕುಂಚದಲ್ಲಿ ಹಚ್ಚಿದರು. ಬಣ್ಣ ಒಳಗೆ ಇಳಿಯಲಿಲ್ಲ, ಮೇಲೆ ಹಿಡಿದುಕೊಳ್ಳಲೂ ಇಲ್ಲ. ಸಾಲದ್ದಕ್ಕೆ ಗ್ಯಾಸ್ ದೀಪಗಳ ಶಾಖ ಮತ್ತು ಮಸಿ. ಇನ್ನೊಂದು ಎಡವಟ್ಟೂ ಇದೆ: ಗೋಡೆಯ ಹತ್ತು ಅಂಕಣಗಳಲ್ಲೂ ಎರಡೆರಡು ಕಿಟಕಿಗಳಿವೆ, ಚಿತ್ರ ಅವುಗಳ ಸುತ್ತ ಹರಡಿದೆ. ಹಗಲಲ್ಲಿ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಬಣ್ಣ ಹೊಸದಾಗಿದ್ದಾಗಲೂ ಮಬ್ಬಾಗಿಯೇ ಕಂಡಿರಬೇಕು.

ಕವಚದ ವಿಷಯಕ್ಕೆ ಮಾತ್ರ ಎಲ್ಲಿಲ್ಲದ ಕಾಳಜಿ! ನೋಡಿ ಬಿಡಿಸಲಿಕ್ಕೆಂದು ಮಾರಿಸ್ ಊರಿನ ಕಮ್ಮಾರನಿಂದ ಶಿರಸ್ತ್ರಾಣ ಮಾಡಿಸಿದ. ಹಾಕಿಕೊಂಡರೆ ಮುಖದ ಮುಚ್ಚಳ ಮೇಲೇಳಲಿಲ್ಲ. ಉಕ್ಕಿನೊಳಗೆ ತಲೆ ಸಿಕ್ಕಿಸಿಕೊಂಡು ಅವನು ಕುಣಿದಾಡಿ ಅರಚಿದ್ದನ್ನು ಬರ್ನ್-ಜೋನ್ಸ್ ಆಮೇಲೆ ನೆನೆದು ನಗುತ್ತಿದ್ದ. ಆ ಕಮ್ಮಾರನಿಗೆ ಕೊಟ್ಟ ಗಮನದ ಕಾಲುಭಾಗವನ್ನು ಗೋಡೆಗೆ ಕೊಟ್ಟಿದ್ದರೆ ಸಾಕಿತ್ತು.

ಅದೇ ಹೊತ್ತಿಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆಯಲ್ಲಿ, ಅಂದರೆ ಸಂಸತ್ತಿನ ಕಟ್ಟಡದಲ್ಲಿ, ರಾಣಿ ಉಡುಪು ತೊಡುವ ಕೋಣೆಯ ಗೋಡೆಗಳ ಮೇಲೆ ಚಿತ್ರಕಾರ ವಿಲಿಯಂ ಡೈಸ್ ಇದೇ ಆರ್ಥರ್ ಕಥೆಗಳನ್ನು ಚಿತ್ರಿಸುತ್ತಿದ್ದ. ಅವನ ಹೆಸರು ಎತ್ತುವವರೇ ಕಡಿಮೆ. ಇಟಲಿಗೆ ಹೋಗಿ ಫ್ರೆಸ್ಕೊ ಅಭ್ಯಾಸ ಮಾಡಿ ಬಂದವನು. ಫ್ರೆಸ್ಕೊ ಅಂದರೆ ಸುಣ್ಣ-ಮರಳಿನ ಗಿಲಾವು ಪದರ ಪದರವಾಗಿ ಕೂರಬೇಕು. ಕೊನೆಯ ತೆಳು ಪದರವನ್ನು ಆ ದಿನ ಬರೆಯುವಷ್ಟು ಜಾಗಕ್ಕೆ ಮಾತ್ರ ಹಾಕಿ, ಹಸಿ ಇರುವಾಗಲೇ ಕೆಲವು ಗಂಟೆಗಳಲ್ಲಿ ಬರೆದು ಮುಗಿಸಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುವಾಗ ಬಣ್ಣವನ್ನೂ ಕಟ್ಟಿಹಾಕುತ್ತದೆ. ಸಂಜೆಗೆ ಉಳಿದ ಅಂಚನ್ನು ಕೊರೆದು ತೆಗೆಯಬೇಕು. ತಪ್ಪಾದರೆ ಅಷ್ಟೂ ಗಿಲಾವು ಕೆತ್ತಿ ಮತ್ತೆ ಮೊದಲಿನಿಂದ. ಸುಣ್ಣದ ಕ್ಷಾರಕ್ಕೆ ಪ್ರಷ್ಯನ್ ನೀಲಿಯಂಥ ಬಣ್ಣ ಕೆಟ್ಟುಹೋಗುತ್ತದೆ, ಆದ್ದರಿಂದ ಮಣ್ಣಿನ ಬಣ್ಣಗಳೇ ಆಧಾರ. ಬಳೆ ಬಳೆಯಾಗಿ ಹೆಣೆದ ಕವಚವನ್ನು ಈ ಅವಸರದಲ್ಲಿ ಬಿಡಿಸುವುದು ಎಂಥ ಕಷ್ಟ ಅಂತ ಯೋಚಿಸಿ.

ಇದರ ಜೊತೆಗೆ ವಿಷಯದ ತಲೆನೋವು. ಸಂಸತ್ತಿನ ಗೋಡೆಯ ಮೇಲೆ ಆರ್ಥರನ ನೈಟ್ ಲ್ಯಾನ್ಸ್‌ಲಾಟ್ ಮತ್ತು ಆರ್ಥರನ ಹೆಂಡತಿ ರಾಣಿ ಗ್ವಿನಿವೇರ್‌ಳ ಕದ್ದ ಪ್ರೇಮ ಬರೆಯುವುದು ಹೇಗೆ? ಡೈಸ್ ಕಥೆಯನ್ನೇ ಒಡೆದು ಕರುಣೆ, ಔದಾರ್ಯ, ಆತಿಥ್ಯ, ಧರ್ಮ, ವಿನಯ ಅಂತ ಗುಣಗಳಾಗಿ ಹಂಚಿದ. ‘ಔದಾರ್ಯ’ದಲ್ಲಿ ಕುದುರೆಯಿಂದ ಬಿದ್ದ ಆರ್ಥರ್‌ನನ್ನು ಲ್ಯಾನ್ಸ್‌ಲಾಟ್ ಕೊಲ್ಲದೆ ಬಿಡುತ್ತಾನೆ. ರಾಣಿಯ ಪ್ರಿಯಕರ ಇಲ್ಲಿ ಬರೀ ದೊಡ್ಡ ಮನಸ್ಸಿನ ಎದುರಾಳಿ. ಆಕ್ಸ್‌ಫರ್ಡಿನಲ್ಲಿ ರೊಸೆಟ್ಟಿ ಆರಿಸಿಕೊಂಡಿದ್ದು ಅದೇ ಲ್ಯಾನ್ಸ್‌ಲಾಟ್ ನಿದ್ದೆ ಹೋಗಿರುವಾಗ ಅವನಿಗೂ, ನೈಟ್‌ಗಳು ಹುಡುಕಿ ಹೊರಟ ಕ್ರಿಸ್ತನ ಪವಿತ್ರ ಪಾತ್ರೆಗೂ ನಡುವೆ ಗ್ವಿನಿವೇರ್ ನಿಂತಿರುವ ದೃಶ್ಯ. ಚಿತ್ರವಾಗಿ ಅದೇ ಹೆಚ್ಚು ಜೀವಂತ, ಅನುಮಾನವಿಲ್ಲ. ಡೈಸ್‌ನ ವೀರರು ಸ್ವಲ್ಪ ಸಪ್ಪೆ, ಭಾನುವಾರದ ಚರ್ಚಿಗೆ ಹೊರಟ ಗೃಹಸ್ಥರಂತೆ ಇದ್ದಾರೆ. ಅದಕ್ಕೆಂದು ಕೆಲಸಗಾರಿಕೆಯ ಅಂಕ ಕಳೆಯಬೇಡಿ.

1848ರಲ್ಲಿ ಒಪ್ಪಿಕೊಂಡ ಏಳು ಚಿತ್ರಗಳಲ್ಲಿ, 1864ರಲ್ಲಿ ಡೈಸ್ ತೀರಿಕೊಳ್ಳುವಾಗ ಐದನೆಯದು ಅರ್ಧದಲ್ಲಿತ್ತು. ಅದನ್ನು ಇನ್ನೊಬ್ಬ ಚಿತ್ರಕಾರ ಚಾರ್ಲ್ಸ್ ಕೋಪ್ ಮುಗಿಸಿಕೊಟ್ಟ. ‘ಧೈರ್ಯ’ ಮತ್ತು ‘ನಿಷ್ಠೆ’ ಬರೆಯದೇ ಉಳಿದವು. ನಿಧಾನಿ ಅಂತ ಜನ ಬೈದರು, ನಿಜ. ಆದರೆ ಆಕ್ಸ್‌ಫರ್ಡಿನ ರೊಸೆಟ್ಟಿಯ ಅಂಕಣವೂ ಅಪೂರ್ಣವೇ, ಅದಕ್ಕೆ ಮಾತ್ರ ಯಾಕೋ ‘ಪ್ರತಿಭೆಯ ಚಂಚಲತೆ’ ಅಂತ ರಿಯಾಯಿತಿ.