‘ಆಯಿತು’ ಎಂಬ ಮಾತಿನ ಹಿಂದೆ ಅವಿತುಕೊಂಡವಳು

ನಾಲ್ಕು ವರ್ಷಗಳ ಹಿಂದೆ, ಶಿವಮೊಗ್ಗದ ಅಡಿಕೆ ಮಂಡಿಯೊಂದರ ಮಾಲೀಕರು ನಮ್ಮ ತಂತ್ರಾಂಶವನ್ನು ಮೊದಲ ಸಲ ನೋಡುತ್ತಿದ್ದರು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆಬಗೆಯ ಅಡಿಕೆಯ ತೂಕ, ದರ, ಹಮಾಲಿಯೆಲ್ಲ ತಾನಾಗಿ ಲೆಕ್ಕವಾಗಿ ಬೆಳೆಗಾರನ ಪಟ್ಟಿ ಅಚ್ಚಾಗಿ ಹೊರಬಂದಾಗ ಅವರು ಕನ್ನಡಕವನ್ನು ಹಣೆಗೇರಿಸಿ, “ಇದನ್ನ ಯಾರು ಮಾಡಿದ್ದಮ್ಮ?” ಎಂದರು. “ನಮ್ಮ ಟೀಮಿನಲ್ಲೇ ಆಯಿತು ಸರ್” ಎಂದೆ. ಆಗ ಕೋಡ್ ಬರೆಯುತ್ತಿದ್ದವಳು ನಾನೊಬ್ಬಳೇ. ಜೊತೆಗಿದ್ದ ಹುಡುಗ ಕೆಲಸಕ್ಕೆ ಸೇರಿ ವಾರವಾಗಿತ್ತು, ಪ್ರಿಂಟರ್ ಹೊತ್ತು ತಂದಿದ್ದ. ಮಾಲೀಕರು ಅವನತ್ತ ತಿರುಗಿ “ಭೇಷ್” ಎಂದರು. ಅವನು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ಮಾಲೀಕರದು ತಪ್ಪೆಂದು ನಾನು ಹೇಳುವುದಿಲ್ಲ. ಖಾಲಿ ಬಿಟ್ಟ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಲೇಬೇಕಲ್ಲ.

ಕನ್ನಡದಲ್ಲಿ ಹೀಗೆ ಅವಿತುಕೊಳ್ಳುವುದು ಬಹಳ ಸುಲಭ. ‘ನಾನು’ ಎನ್ನದೆಯೇ ವಾಕ್ಯ ಮುಗಿಸಬಹುದು. ‘ಮಾಡಿದೆ’ ಎನ್ನುವ ಕಡೆ ‘ಆಯಿತು’ ಎಂದರೂ ನಡೆಯುತ್ತದೆ, ಕೇಳುವವರಿಗೆ ಅದು ವಿನಯವಾಗಿಯೇ ಕೇಳಿಸುತ್ತದೆ. ನನ್ನ ಹಳೆಯ ಇಮೇಲುಗಳನ್ನು ಒಂದು ದಿನ ಕುಳಿತು ಓದಿದಾಗ, ಕೆಲಸ ಸರಿಯಾದ ಕಡೆಯೆಲ್ಲ ‘ಆಯಿತು’, ಕೆಟ್ಟ ಕಡೆಯೆಲ್ಲ ‘ನನ್ನಿಂದ ತಪ್ಪಾಯಿತು’ ಎಂದು ಬರೆದುಕೊಂಡಿದ್ದು ಕಣ್ಣಿಗೆ ಬಿತ್ತು. ತಪ್ಪಿಗೆ ಮಾತ್ರ ವಾರಸುದಾರಳಾಗಿದ್ದೆ.

ಈ ಅಳುಕಿಗೆ ಹೆಸರು ಬಂದದ್ದು 1978ರಲ್ಲಿ. ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು, ಓದಿನಲ್ಲೂ ಉದ್ಯೋಗದಲ್ಲೂ ಗೆದ್ದ ಹೆಂಗಸರು ‘ನಾನು ಸೋಗಲಾಡಿ, ಇಂದಲ್ಲ ನಾಳೆ ಸಿಕ್ಕಿಬೀಳುತ್ತೇನೆ’ ಎಂದು ಒಳಗೊಳಗೇ ಹೆದರುವುದನ್ನು ಕಂಡು ಲೇಖನ ಬರೆದರು. ಅವರು ಅದನ್ನು ‘ಇಂಪೋಸ್ಟರ್ ಫಿನಾಮಿನನ್’ ಎಂದಿದ್ದರೇ ಹೊರತು ‘ಸಿಂಡ್ರೋಮ್’ ಎಂದಿರಲಿಲ್ಲ. ರೋಗದ ವಾಸನೆಯುಳ್ಳ ಆ ಪದ ಆಮೇಲೆ ಅಂಟಿಕೊಂಡಿತು. ಗಂಡಸರಲ್ಲೂ ಇದು ಇದೆಯೆಂಬುದು ನಂತರದ ಅಧ್ಯಯನಗಳಿಂದ ತಿಳಿಯಿತು. ಅದೇ 1978ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದೊಂದಿಗೆ ಬಯೋಕಾನ್ ಆರಂಭಿಸಿ, ಸಾಲಕ್ಕಾಗಿ ಬ್ಯಾಂಕುಗಳನ್ನು ಅಲೆಯುತ್ತಿದ್ದರು. ಅನುಮಾನ ಅಲ್ಲಿ ಮೇಜಿನ ಆಚೆ ಬದಿಯಲ್ಲಿತ್ತು ಎಂಬುದನ್ನು ಗಮನಿಸಬೇಕು.

ಆ ಆಚೆ ಬದಿಯ ವಿಷಯವನ್ನೇ ನಾವು ಮರೆಯುತ್ತೇವೆ. ಬೆಂಗಳೂರಿನಲ್ಲಿ ಹೂಡಿಕೆದಾರರೊಬ್ಬರು ಮುಕ್ಕಾಲು ಗಂಟೆ ನನ್ನ ಮಾತು ಕೇಳಿದ ಮೇಲೆ ಕೇಳಿದ್ದು ಮೂರು ಪ್ರಶ್ನೆ: ಟೆಕ್ನಿಕಲ್ ಕೆಲಸ ಯಾರು ನೋಡಿಕೊಳ್ಳುತ್ತಾರೆ, ದೊಡ್ಡ ಕಂಪನಿ ಇದನ್ನೇ ಮಾಡಿದರೆ ಹೇಗೆ ಉಳಿಯುತ್ತೀರಿ, ಮನೆಯವರ ಒಪ್ಪಿಗೆ ಇದೆಯೇ. ಮನೆಗೆ ಬಂದು ನನ್ನಲ್ಲೇ ಏನೋ ಕೊರತೆಯಿದೆ ಎಂದು ಎರಡು ವಾರ ಕೊರಗಿದೆ. ನ್ಯೂಯಾರ್ಕಿನ ಟೆಕ್‌ಕ್ರಂಚ್ ಡಿಸ್ರಪ್ಟ್ ಎಂಬ ಹೊಸ ಕಂಪನಿಗಳ ಸ್ಪರ್ಧೆಯ ಪ್ರಶ್ನೋತ್ತರಗಳನ್ನು ಸಂಶೋಧಕಿ ಡಾನಾ ಕಾಂಜ್ ಮತ್ತು ಸಂಗಡಿಗರು ಪರಿಶೀಲಿಸಿದ ಅಧ್ಯಯನವನ್ನು ಓದಿದ್ದು ಆಮೇಲೆ. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ ಶೇ. 67ರಷ್ಟು ‘ಎಷ್ಟು ಬೆಳೆಯುತ್ತೀರಿ’ ಎಂಬ ಜಾತಿಯವು. ಹೆಂಗಸರಿಗೆ ಕೇಳಿದವುಗಳಲ್ಲಿ ಶೇ. 66ರಷ್ಟು ‘ಮುಳುಗದಂತೆ ಹೇಗೆ ಕಾಯುತ್ತೀರಿ’ ಎಂಬ ಜಾತಿಯವು. ಮುಳುಗುವ ಪ್ರಶ್ನೆಗೆ ಬೆಳೆಯುವ ಉತ್ತರ ಕೊಟ್ಟವರಿಗೆ ಹೆಚ್ಚು ಹಣ ಸಿಕ್ಕಿತ್ತು. ಓದಿ ಮುಗಿಸಿದಾಗ ನನಗೆ ಸಮಾಧಾನಕ್ಕಿಂತ ಸಿಟ್ಟು ಬಂದಿತು. ಕನ್ನಡಿಯ ಮುಂದೆ ನಿಲ್ಲಿಸಿ ‘ನಾನು ಸಮರ್ಥಳು’ ಎಂದು ಹತ್ತು ಸಲ ಹೇಳಿಸುವ ಕಾರ್ಯಾಗಾರಗಳಿಗೆ ನಾನೂ ದುಡ್ಡು ಕಟ್ಟಿದ್ದೆ. ಆ ಪ್ರಶ್ನೆ ಕೇಳುವವರಿಗೆ ಒಂದು ಕಾರ್ಯಾಗಾರವಿದೆಯೆಂದು ಎಲ್ಲೂ ಕೇಳಿಲ್ಲ.

ಹಾಗೆಂದು ನನ್ನ ಅಳುಕೆಲ್ಲ ಊರವರು ಕೊಟ್ಟದ್ದೇ ಎಂದರೆ ಸುಳ್ಳಾಗುತ್ತದೆ. ಕಂಪನಿಯಲ್ಲಿ ಯಾರ ಪಾಲು ಎಷ್ಟೆಂದು ತೋರಿಸುವ ಕ್ಯಾಪ್ ಟೇಬಲ್ ಎಂದರೇನೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ, ಗೊತ್ತಿದ್ದವಳಂತೆ ತಲೆಯಾಡಿಸಿದ್ದೆ. ಪರಿಚಯದ ಲೆಕ್ಕ ಪರಿಶೋಧಕಿಯೊಬ್ಬರ ಎದುರು ಮೂರು ಶನಿವಾರ ಪುಸ್ತಕ ಹಿಡಿದು ಕುಳಿತಾಗ ಷೇರು ಹಂಚಿಕೆಯ ಆ ಭಯ ಕರಗಿತು. ಅಂದಿನಿಂದ ಹೊಟ್ಟೆಯಲ್ಲಿ ಕಸಿವಿಸಿಯಾದಾಗ ಮೊದಲು ಕೇಳಿಕೊಳ್ಳುವುದು, ಇದು ಕಲಿತರೆ ಹೋಗುವಂಥದ್ದೇ ಎಂದು. ಹೌದಾದರೆ ಕಲಿಯುತ್ತೇನೆ. ಅಲ್ಲವಾದರೆ ಅದು ಯಾರೋ ಕೇಳಿ ಬಿಟ್ಟುಹೋದ ಪ್ರಶ್ನೆಯಾಗಿರುತ್ತದೆ, ಅದಕ್ಕೆ ರಾತ್ರಿಯಿಡೀ ಉತ್ತರ ಹುಡುಕುವುದನ್ನು ನಿಲ್ಲಿಸಿದ್ದೇನೆ, ಬಹುಮಟ್ಟಿಗೆ.

ಕರ್ತೃಪದವನ್ನು ಮಾತ್ರ ಹಟ ಹಿಡಿದು ಬಳಸುತ್ತಿದ್ದೇನೆ. ಮೊದಮೊದಲು ‘ನಾನು ಬರೆದೆ’ ಎನ್ನುವಾಗ ನಾಲಿಗೆ ತೊಡರುತ್ತಿತ್ತು; ಅಮ್ಮನೇ ಒಮ್ಮೆ “ಅದೇನೇ ಅಷ್ಟೊಂದು ನಾನು ನಾನು ಅಂತೀಯ” ಎಂದು ನಕ್ಕಿದ್ದಳು. ಹೋದ ವಾರ ಅದೇ ಮಂಡಿಯ ಗುಮಾಸ್ತ ಫೋನು ಮಾಡಿ, “ಅಕ್ಕಾ, ಕರೆಂಟು ಹೋಗಿ ಬಂದ್ಮೇಲೆ ಕಾಟಾದಿಂದ ತೂಕಾನೇ ತಗೊಳ್ತಿಲ್ಲ, ಹೊರಗೆ ಗಾಡಿ ನಿಂತಿದಾವೆ” ಎಂದ. ಇಂಥಾ ಹೊತ್ತಿನಲ್ಲಿ ‘ಟೀಮಿಗೆ ತಿಳಿಸುತ್ತೇನೆ’ ಎನ್ನುವುದು ರೂಢಿ, ಈಗ ನಮ್ಮಲ್ಲಿ ಟೀಮೂ ಇದೆ. “ಆ ಭಾಗ ನಾನು ಬರೆದದ್ದು ತಮ್ಮಾ, ಈಗ ತೂಕ ಕೈಯಲ್ಲಿ ಹಾಕಿಕೊಳ್ಳಿ, ರಾತ್ರಿಯೊಳಗೆ ನಾನೇ ಸರಿಮಾಡುತ್ತೇನೆ” ಎಂದೆ. ಸರಿಹೋಗುವಷ್ಟರಲ್ಲಿ ಬೆಳಗಿನ ಜಾವ ಎರಡಾಗಿತ್ತು.