150 ರೂಪಾಯಿಯ ಕೆಂಪು ಬಸ್ಸು

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿ "ಮಾವ, ಬಸ್ಸಿಗೆ 150 ರೂಪಾಯಿ ಕಳಿಸಿ" ಅಂದ. ಹಾಸನದಿಂದ ಸಕಲೇಶಪುರಕ್ಕೆ ಅಷ್ಟೆಲ್ಲಿ ಆಗುತ್ತೋ ಅಂದರೆ, ಅದು ಬಸ್ ಚಾರ್ಜ್ ಅಲ್ಲವಂತೆ, ಬಸ್ಸೇ! ಮೊಬೈಲಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೊನೇಷಿಯಾ ಅಂತ ಗೇಮ್ ಇದೆಯಲ್ಲ, ಅದಕ್ಕೆ ಯಾರೋ ಹುಡುಗ ನಮ್ಮ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನ ಮಾಡ್, ಅಂದರೆ ಗೇಮಿಗೆ ಹೊರಗಿನವರು ಮಾಡಿ ಸೇರಿಸುವ ಫೈಲು, ಮಾಡಿ ಮಾರುತ್ತಿದ್ದಾನೆ. ದುಡ್ಡು ಹಾಕಿದರೆ ಫೈಲಿನ ಪಾಸ್‌ವರ್ಡ್ ಕೊಡುತ್ತಾನೆ.

ಕಳಿಸಿದೆ. ನೋಡಿ ನನಗೂ ಖುಷಿಯಾಯಿತು. ಹಾಸನದ ಕೆಎಸ್‌ಆರ್‌ಟಿಸಿ ವರ್ಕ್‌ಶಾಪಿನಲ್ಲಿ ನಿಜವಾದ ಬಸ್ಸಿಗೆ ಬಾಡಿ ಕಟ್ಟುತ್ತಾರಲ್ಲ, ಹಾಗೇ ಇವನೂ ಕಿಟಕಿಯ ಸರಳು, ಮುಂದಿನ ಬೋರ್ಡು, ಡ್ರೈವರ್ ಹಿಂದಿನ ಸೀಟು ಎಲ್ಲ ಒಂದೊಂದಾಗಿ ಕೂತು ಕಟ್ಟಿದ್ದಾನೆ. ಇಂಡೊನೇಷಿಯಾದ ರಸ್ತೆಯಲ್ಲಿ "ಹಾಸನ–ಧರ್ಮಸ್ಥಳ" ಬೋರ್ಡು! ಇಷ್ಟು ಕೆಲಸಕ್ಕೆ ದುಡ್ಡು ಕೇಳಬಾರದು ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಇಷ್ಟಪಟ್ಟು ಮಾಡಿದ್ದು ಫ್ರೀ ಇರಬೇಕು ಅನ್ನುವವರೇ, ಗೃಹಪ್ರವೇಶಕ್ಕೆ ಫೋಟೋ ತೆಗೆದ ಹುಡುಗನನ್ನು ಬರೀ ಊಟ ಹಾಕಿ ಕಳಿಸುವವರು.

ಮೂರು ವಾರಕ್ಕೆ ಗೇಮ್ ಅಪ್‌ಡೇಟ್ ಆಯಿತು, ಬಸ್ಸು ಲೋಡ್ ಆಗಲಿಲ್ಲ. ಕೇಳಿದರೆ ಆ ಪುಣ್ಯಾತ್ಮ "ಹೊಸದಕ್ಕೆ ಇನ್ನೊಂದು 100 ಹಾಕಿ" ಅಂದ, ಆಮೇಲೆ ಬ್ಲಾಕ್ ಮಾಡಿದ. ನನ್ನ ತಕರಾರು ಇದು. ಸುಮ್ನೆ ಕೊಟ್ಟಿದ್ದರೆ, ಕೆಟ್ಟರೆ ಕೆಟ್ಟಿತು ಅಂತ ಬಿಡುತ್ತಿದ್ದೆ. ರೇಟು ಹಾಕಿದ ಮೇಲೆ ಅದು ಅಂಗಡಿ, ಅಲ್ವಾ? ಮಿಕ್ಸಿ ಕೊಟ್ಟವನು ತಿಂಗಳೊಳಗೆ ಕೆಟ್ಟರೆ ನೋಡಿಕೊಡುತ್ತಾನೆ.

ಇದು ಹೊಸ ಜಗಳವೂ ಅಲ್ಲ. 2015ರ ಏಪ್ರಿಲ್‌ನಲ್ಲಿ ಸ್ಕೈರಿಮ್ ಗೇಮಿನ ಮಾಡ್‌ಗಳನ್ನು ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ದುಡ್ಡಿಗೆ ಮಾರಲು ಬಿಟ್ಟರು. ನೂರು ರೂಪಾಯಿಯಲ್ಲಿ ಮಾಡಿದವನಿಗೆ 25, ಸ್ಟೀಮ್ ನಡೆಸುವ ವಾಲ್ವ್‌ಗೆ 30, ಗೇಮ್ ಮಾಡಿದ ಬೆಥೆಸ್ಡಾಗೆ 45, ಈ ಲೆಕ್ಕ. ಜನ ಉಗಿದ ರೀತಿಗೆ ನಾಲ್ಕೇ ದಿನದಲ್ಲಿ ನಿಲ್ಲಿಸಿ ದುಡ್ಡು ವಾಪಸ್ ಕೊಟ್ಟರು. ಅದರಲ್ಲಿ ಮೀನು ಹಿಡಿಯುವ ಮಾಡ್ ಒಂದಿತ್ತು. ಇನ್ನೊಬ್ಬರು ಫ್ರೀಯಾಗಿ ಕೊಟ್ಟಿದ್ದ ಕೆಲಸದ ಮೇಲೆ ಅದು ನಿಂತಿದೆ ಅಂತ ಗಲಾಟೆಯಾಗಿ, ಅದನ್ನು ಅಲ್ಲಿಂದ ತೆಗೆಯಬೇಕಾಯಿತು. ನಮ್ಮ ಕೆಂಪು ಬಸ್ಸಿನ ಕಥೆಯೂ ಅದೇ ಇರಬಹುದು. ಟೈರು ಯಾರು ಮಾಡಿದ್ದೋ, ಹಾರ್ನ್ ಎಲ್ಲಿಂದ ತಂದಿದ್ದೋ, ಬಣ್ಣವಂತೂ ಸರ್ಕಾರದ್ದು!

ಹಾಗಾಗಿ ನನ್ನ ಪ್ರಕಾರ ಫೈಲ್ ಎಲ್ಲರಿಗೂ ಬಿಡಲಿ, ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಇಡಲಿ. ಆಡಿ ಇಷ್ಟವಾದರೆ ಹತ್ತೋ ಐವತ್ತೋ ಹಾಕುತ್ತೇವೆ. ಪೂರ್ತಿ ಸ್ವಂತ ಕೆಲಸ, ಅಪ್‌ಡೇಟೂ ಕೊಡುತ್ತೇನೆ ಅನ್ನುವವನು ಧೈರ್ಯವಾಗಿ ರೇಟು ಹಾಕಲಿ, ನಾನೇ ಮೊದಲು ಕೊಳ್ಳುತ್ತೇನೆ.

ಈಗ ಅಕ್ಕನ ಮಗನೇ ಕಾಲೇಜು ಮುಗಿಸಿ ಬಂದು ರಾತ್ರಿಯೆಲ್ಲ ಬಸ್ಸಿಗೆ ಬಣ್ಣ ಹೊಡೆಯುತ್ತಿದ್ದಾನೆ. 49 ರೂಪಾಯಿ ಇಡುತ್ತಾನಂತೆ. ಕ್ಯೂಆರ್ ಇಡೋ ಸಾಕು ಅಂದೆ.

"ಆಮೇಲೆ ನಿಮ್ಮ 150 ಹೇಗೆ ವಾಪಸ್ ಕೊಡ್ಲಿ ಮಾವ?"